ಒಂದು ಚೀಲ ಹೆಚ್ಚಿಗಿ

ಕಪನೂರಿನ ದಾಲ್ ಮಿಲ್ಲಿನಾಗ ರಾತ್ರಿ ಪಾಳಿ.
ನಂದು ಚೀಲ ಎಣಿಸೋ ಕೆಲಸ:
ನಾಲ್ಕು ಗೀಟು ನಿಲ್ಲಿಸಿ, ಐದನೇದು ಅಡ್ಡ ಹೊಡೆದು
ಒಂದು ಗೇಟು ಮುಚ್ಚೋದು.
ಬೆಳಗಾಗೋದ್ರೊಳಗ ಇಂಥಾವು ಅರವತ್ತು.
ಲಾರಿ ತುಂಬತದ, ನನ್ನ ಪುಸ್ತಕನೂ.

ಮೂರೂವರಿಗಿ ನಾಗಿಂದ್ರ ಫೋನ್ ತಂದು
ತೊಗರಿ ಚೀಲಕ್ಕ ಆನಿಸಿ ಇಟ್ಟ.
ಎಲ್ಲಿದೋ ಸಮುದ್ರದ ನಡುವಿನ ದೇಶ, ಅವರ ಫುಟ್‌ಬಾಲ್.
ಹೆಸರು ಅವನ ಬಾಯಾಗ ಒಂದೊಂದು ಸಲ ಒಂದೊಂದು ಥರ ಹೊಳ್ಳಿತು,
ಕಡೀಗಿ "ನೀಲಿ ಅಂಗಿಯವ್ರು" ಅಂತ ನಿಂತೇಬಿಡ್ತು.

"ಮಂದಿ ಎಷ್ಟು ಅದಾರ ಆ ದೇಶದಾಗ?"
"ಹತ್ತು ಸಾವಿರ ಇರಬಹುದಂತ."
"ಹತ್ತು ಸಾವಿರ!" ಅಂದ ಚಂದಪ್ಪ, ಚೀಲದ ಕೆಳಗಿಂದ,
"ಸುಗ್ಗಿ ದಿನ ನಮ್ಮ ಗಂಜಿನಾಗ
ಅದಕ್ಕಿಂತ ಹೆಚ್ಚು ಮಂದಿ ಬೀಡಿ ಸೇದತಾರ."

ಅಲ್ಲಿ ಮುಂಜಾನಿ ಹತ್ತು, ಬಿಸಿಲು.
ಇಲ್ಲಿ ಟ್ಯೂಬ್‌ಲೈಟಿನ ಸುತ್ತ ಹೊಟ್ಟಿನ ಧೂಳು.
ಏಳನೇ ನಿಮಿಷಕ್ಕ ಒಂದು. ಒಂಬತ್ತಕ್ಕ ಇನ್ನೊಂದು.
ನನ್ನ ಕೈ ಸುಮ್ಮನಿರಲಿಲ್ಲ; ಪುಸ್ತಕದ ಅಂಚಿಗಿ
ಎದುರಿನವರ ಹೆಸರಿಲೆ ಗೀಟು.
ಗೇಟು ಒಂದು ಮುಚ್ಚಿತು. ಎರಡು ಮುಚ್ಚಿದವು.
ನೀಲಿಯವರ ಸಾಲು ಬರೇ ಬಿಳಿ ಹಾಳಿ.

ಅವರ ಗೋಲ್‌ಕೀಪರ್ ಪ್ರತಿ ಸಲ ಬಗ್ಗಿ
ಬಲಿಯೊಳಗಿನ ಚೆಂಡು ತಗೊಂಡು ನಡುವಿಗಿ ಒದೀತಿದ್ದ.
ಸಿಟ್ಟಿಲ್ಲ, ಅವಸರಿಲ್ಲ,
ನಮ್ಮ ಹಮಾಲರು ಬೆನ್ನು ಕೊಟ್ಟಂಗ:
ಇದು ಹೋತು, ಮುಂದಿಂದು ಹೊರಿಸು.

ವಾಚ್‌ಮನ್ ಲಾಡ್ಲೇಸಾಬ ಗೇಟು ಬಿಟ್ಟು ಬಂದ.
ಬರಬಾರದು. ಬಂದ.
ಶಹಾಬಾದಿನ ಸಿಮೆಂಟ್ ಫ್ಯಾಕ್ಟರಿ ಟೀಮಿಗಿ
ಹನ್ನೊಂದು ವರ್ಷ ಬಲಿ ಕಾಯ್ದವ.
ಎರಡು ಬೆರಳು ಮಣ್ಣು, ಕೆಳಗ ಫರಸಿ ಕಲ್ಲು,
ಅಂಥಾ ನೆಲದಾಗ ಎಡಕ್ಕ ಹಾರಿ ಹಾರಿ
ಈಗ ಕೂಡುವಾಗ ಬಲಕ್ಕ ವಾಲೇ ಕೂಡತಾನ.
"ಚೆಂಡು ಎಲ್ಲಾರೂ ನೋಡ್ತಾರ," ಅಂದ, "ಅವನ ಕೈ ನೋಡ್ರೋ.
ಹದಿನಾಲ್ಕು ಒಳಗ ಹೋಗ್ಯಾವ, ಖರೇ.
ಇಪ್ಪತ್ತೆರಡು ಹಿಡದಾನ. ಅವು ಯಾರು ಬರಕೊಂಡೀರಿ?"

ನನ್ನ ಪೆನ್ನು ನಿಂತಿತು.
ಹರಿದ ಚೀಲ ಬರೀತೀನಿ, ತೂಕಕ್ಕ ಕಡಿಮಿ ಬಂದದ್ದು ಬರೀತೀನಿ.
ಬೀಳೋ ಚೀಲಕ್ಕ ಹೆಗಲು ಕೊಟ್ಟು ತಡದದ್ದಕ್ಕ
ಈ ಪುಸ್ತಕದಾಗ ಸಾಲೇ ಇಲ್ಲ.

ನಾಗಿಂದ್ರ ಎಲ್ಲಿಯೋ ಓದಿಕೊಂಡಿದ್ದ:
ಅವರ ಊರಾಗ ಸಪಾಟು ಜಾಗ ಅಂದ್ರ ವಿಮಾನ ಇಳಿಯೋ ಪಟ್ಟಿ ಒಂದೇ.
ಭೋಂಗಾ ಊದಿದರ ಚೆಂಡು ಬಗಲಾಗ ಹಿಡಕೊಂಡು ಬಾಜೂ ಸರೀತಾರ,
ವಿಮಾನ ಇಳದ ಮ್ಯಾಲ
ಬಿಟ್ಟಲ್ಲಿಂದ ಮತ್ತ ಸುರು.
ಲಾಡ್ಲೇಸಾಬ ನಕ್ಕ: "ನಮಗ ಎಮ್ಮಿ ಬರ್ತಿದ್ದವು."

ಎಂಬತ್ತನೇ ನಿಮಿಷ. ಹದಿನೇಳು ಸೊನ್ನಿ.
ಆವಾಗ ನೀಲಿಯವರಿಗಿ ಒಂದು ಕಾರ್ನರ್.
ಪಾಲಿಶ್ ಮಷೀನ್ ಯಾರು ಬಂದ್ ಮಾಡಿದರೋ.
ಮಿಲ್ಲು ನಿಂತರ ಕಿವಿಯೊಳಗ ಇನ್ನೊಂದು ಮಿಲ್ಲು ಹೊಳ್ಳತದ;
ಅದೂ ನಿಂತ ಮ್ಯಾಲ
ದೂರ ಒಂದು ಗೂಡ್ಸ್ ಗಾಡಿ ಹೋದದ್ದು ಕೇಳಿಸ್ತು.

ಚೆಂಡು ಗಾಳ್ಯಾಗ.
ಆರನೇ ನಂಬರಿನ ಹುಡುಗ ಗಾಳ್ಯಾಗ.
ಪರದಿ ಮ್ಯಾಲ ಬಿಳಿ ಚಕ್ರ ತಿರಗ್ಲಿಕ್ಕ ಹತ್ತಿತು,
ತಿರಗತು, ತಿರಗತು.
ನಾಗಿಂದ್ರನ ಇವತ್ತಿನ ಡೇಟಾ ಮುಗದಿತ್ತು.
ಚಂದಪ್ಪಂದು ಗುಂಡಿ ಒತ್ತೋ ಫೋನ್. ನಂದು ಮನ್ಯಾಗ, ಮಗಳ ಹತ್ತಿರ.

"ಹೋತು," ಅಂದ ಲಾಡ್ಲೇಸಾಬ.
"ನಿನಗ ಹ್ಯಾಂಗ ಗೊತ್ತು ಕಾಕಾ?"
"ಎದುರಿನ ಕೀಪರ್ ಎಡಗಾಲ ಮ್ಯಾಲ ಭಾರ ಹಾಕಿ ನಿಂತಿದ್ದ.
ರಾತ್ರಿಯೆಲ್ಲ ಕೆಲಸಿಲ್ಲದವನ ಕಾಲು ಅದು,
ಎದ್ದೇಳೂದ್ರೊಳಗ ಆಗಿಹೋಗತದ."
ನಾ ಗೀಟು ಹಾಕಿದೆ.
ಯಾವ ಸಾಲಿಗಿ ಅಂತ ನೋಡಲಿಲ್ಲ.

ಮುಂಜಾನಿ ಒಂಬತ್ತಕ್ಕ ಮುನೀಮರು ಕನ್ನಡಕ ಏರಿಸಿ ಕೇಳಿದರು:
"ಲಾರಿಯಾಗ ಮುನ್ನೂರು. ಪುಸ್ತಕದಾಗ ಮುನ್ನೂರಾ ಒಂದು.
ಈ ಒಂದು ಎಲ್ಲಿಂದ ಬಂತವ್ವಾ?"
ನಾಗಿಂದ್ರ ಅಷ್ಟರಾಗ ರಿಚಾರ್ಜ್ ಮಾಡಿಸಿದ್ದ, ಅವನಿಗಿ ಗೊತ್ತಿತ್ತು.
ನನ್ನ ಕಡಿ ನೋಡಿದ. ನಾ ಕೇಳಲಿಲ್ಲ.
ಮುನೀಮರು ರಬ್ಬರ್ ಮುಂದ ಚಾಚಿದರು.
ಪೆನ್ನಿಲೆ ಬರದದ್ದರೀ, ಅಂದೆ.